ಅಡುಗೆಯೇ ಬಾರದವರು ಆರೋಗ್ಯಕರ ಊಟಕ್ಕೆ ಎಲ್ಲಿಂದ ಶುರು ಮಾಡಬೇಕು? ಅನ್ನ ಬಿಟ್ಟು ಓಟ್ಸ್, ಸಲಾಡ್ ತಿನ್ನಬೇಕಾ? ಏರ್ ಫ್ರೈಯರ್ ಬೇಕಾ?

ಸದ್ಯಕ್ಕೆ ಏನೂ ತರಬೇಡಿ. ಮೊದಲು ಬೇಳೆ ಬೇಯಿಸುವುದನ್ನು ಕಲಿಯಿರಿ.

ಹಾಸನದಿಂದ ಬೆಂಗಳೂರಿಗೆ ಬಂದು, ಪಿಜಿ ಊಟ ಸಾಕಾಗಿ ನಾನೊಂದು ರೂಮು ಮಾಡಿದ್ದೆ. ಬೆಳಿಗ್ಗೆ ದರ್ಶಿನಿ, ರಾತ್ರಿ ಫ್ರೈಡ್ ರೈಸ್ ಇಲ್ಲವೇ ಗೋಬಿ. ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, ಜಾಸ್ತಿ ಬಂತು. ಹೊರಗಿನ ಊಟ ಕಮ್ಮಿ ಮಾಡಿ ಅಂದರು ಡಾಕ್ಟರು. ಕುಕ್ಕರ್ ತಂದೆ.

ತೊಗರಿಬೇಳೆ, ಟೊಮೆಟೊ, ಹುಣಸೆ ರಸ, ಸಾರಿನ ಪುಡಿ, ಉಪ್ಪು ಎಲ್ಲವನ್ನೂ ಒಟ್ಟಿಗೆ ಸುರಿದು ಕೂಗಿಸಿದೆ. ಮುಚ್ಚಳ ತೆಗೆದರೆ ನೀರು ಮೇಲೆ, ಬೇಳೆ ತಳದಲ್ಲಿ. ಸೌಟಿನಿಂದ ಒತ್ತಿದರೆ ಚೂರಾಗುತ್ತದೆ, ಮಸೆದುಕೊಳ್ಳುವುದಿಲ್ಲ. ಇನ್ನೂ ನಾಲ್ಕು ಕೂಗು ಕೂಗಿಸಿದರೆ ತಳ ಹಿಡಿಯಿತು. ಬೇಳೆ ಹಳೆಯದಿರಬೇಕು ಅಂತ ಅಂಗಡಿ ಬದಲಾಯಿಸಿದೆ, ಗ್ಯಾಸ್ಕೆಟ್ ಬದಲಾಯಿಸಿದೆ, ಕೊನೆಗೆ ಅಡುಗೆ ನನ್ನ ಕೈಗೆ ಹತ್ತುವುದಿಲ್ಲ ಅಂತ ತೀರ್ಮಾನ ಮಾಡಿ ಮತ್ತೆ ಗೋಬಿ ಗಾಡಿಗೆ ಹೋದೆ. ಹೀಗೇ ವರ್ಷದ ಮೇಲಾಯಿತು. ಊರಿಗೆ ಹೋದಾಗ ಮಾತಿಗೆ ಮಾತು ಬಂದು ಅಮ್ಮ ಕೇಳಿದರು: "ಬೇಳೆ ಬೇಯೋಕೆ ಮುಂಚೆ ಯಾರಾದ್ರೂ ಹುಳಿ ಹಾಕ್ತಾರೇನೋ?"

ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಬೇಳೆಯ ಕಣಗಳನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಅದು ಕರಗಿದರೆ ಬೇಳೆ ಮೆತ್ತಗಾಗುತ್ತದೆ. ಹುಣಸೆ, ಟೊಮೆಟೊ ಇದ್ದರೆ ಅದು ಬೇಗ ಕರಗುವುದಿಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಅದನ್ನು ಇನ್ನೂ ಗಟ್ಟಿ ಮಾಡುತ್ತದೆ, ನನ್ನ ರೂಮಿನಲ್ಲಿ ಬರುತ್ತಿದ್ದದ್ದು ಬರೀ ಬೋರ್‌ವೆಲ್ ನೀರು. ಅಂದರೆ ತಪ್ಪು ಕೈಯದ್ದಲ್ಲ, ಕ್ರಮದ್ದು. ಬೇಳೆ, ನೀರು, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಅಷ್ಟೇ ಮೊದಲು. ಪೂರ್ತಿ ಬೆಂದ ಮೇಲೆ ಹುಳಿ, ಉಪ್ಪು.

ಅದು ಬಂತು ಅಂದರೆ ಬಸ್ಸಾರು ಮಾಡಿ. ಒಂಟಿಯಾಗಿರುವವರಿಗೆ ಇದಕ್ಕಿಂತ ಒಳ್ಳೆ ಅಡುಗೆ ನನಗೆ ಗೊತ್ತಿಲ್ಲ. ಬೆಳಿಗ್ಗೆ ಎರಡು ಹಿಡಿ ಹೆಸರುಕಾಳು ನೆನೆಸಿ ಹೋಗಿ. ಸಂಜೆ ಬೇಯಿಸಿ, ಕಾಳು ಬೆಂದ ಮೇಲೆ ಒಂದು ಕಟ್ಟು ದಂಟಿನ ಸೊಪ್ಪು ಹೆಚ್ಚಿ ಹಾಕಿ, ಮುಚ್ಚದೆ ಐದು ನಿಮಿಷ ಕುದಿಸಿ ಬಸಿಯಿರಿ. ಈರುಳ್ಳಿ, ಬೆಳ್ಳುಳ್ಳಿ ಹುರಿದು, ಜೀರಿಗೆ, ಮೆಣಸು, ಸಾರಿನ ಪುಡಿ, ಚೂರು ಕಾಯಿ, ಹುಣಸೆ, ಜೊತೆಗೆ ಬೆಂದ ಕಾಳು ಸೊಪ್ಪು ಒಂದು ಸೌಟು ಸೇರಿಸಿ ರುಬ್ಬಿ, ಬಸಿದಿಟ್ಟ ನೀರಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಎರಡಕ್ಕೂ ಸೇರಿ ಎರಡು ಚಮಚ ಎಣ್ಣೆ ಸಾಕು. ಎಣ್ಣೆಯನ್ನು ಪ್ಯಾಕೆಟ್‌ನಿಂದ ನೇರವಾಗಿ ಸುರಿಯಬೇಡಿ, ಚಮಚದಲ್ಲೇ ಅಳೆಯಿರಿ, ಇದರಲ್ಲಿ ನಾನು ಬಲು ಕಟ್ಟುನಿಟ್ಟು.

ಇನ್ನು ಅನ್ನ. ಅದನ್ನು ಯಾಕೆ ಬಿಡಬೇಕು? ತಟ್ಟೆ ತುಂಬ ಅನ್ನ ಹಾಕಿಕೊಂಡು ಅಂಚಿಗೆ ಪಲ್ಯ ಇಡುತ್ತೀರಲ್ಲ, ತೊಂದರೆ ಅಲ್ಲಿದೆ. ಪಲ್ಯ ಜಾಸ್ತಿ ಮಾಡಿ, ಅನ್ನ ಒಂದು ಸೌಟು ಕಮ್ಮಿ ಮಾಡಿ. ಕೈ ಪಳಗಿದ ಮೇಲೆ ಮುದ್ದೆ ಕಟ್ಟಿ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಓಟ್ಸ್ ಕೆಟ್ಟದ್ದು ಅನ್ನುತ್ತಿಲ್ಲ. ಆದರೆ ಇಷ್ಟವಿಲ್ಲದ್ದನ್ನು ಸುಮ್ನೆ ನುಂಗುತ್ತಾ ಎಷ್ಟು ದಿನ ಇರುತ್ತೀರಿ? ಏರ್ ಫ್ರೈಯರ್ ದುಡ್ಡಲ್ಲಿ ಮಿಕ್ಸಿ ತಗೊಳ್ಳಿ, ಮಸಾಲೆ ರುಬ್ಬಲು ಬೇಕೇ ಬೇಕು.

ಇಷ್ಟಾದರೂ ಬೇಳೆ ಬೇಯದಿದ್ದರೆ ಅಡುಗೆ ಸೋಡಾ ಹಾಕಬೇಡಿ, ಬಿ1 ವಿಟಮಿನ್ ಹಾಳಾಗುತ್ತದೆ. ಕುಡಿಯುವ ಕ್ಯಾನ್ ನೀರಿನಲ್ಲಿ ಒಮ್ಮೆ ಬೇಯಿಸಿ ನೋಡಿ.