ಜಗಳ ನಿಂತ ಮನೆ

ಆಪ್ತಸಲಹೆಗೆ ನನ್ನ ಬಳಿ ಬಂದ ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಮೊದಲು ಬಂದವರು ಗಂಡ. ವಯಸ್ಸು ಐವತ್ತು ದಾಟಿದೆ. ಮಗಳು ಓದುವುದಕ್ಕೆ ಬೇರೆ ಊರಿಗೆ ಹೋಗಿದ್ದಾಳೆ, ಮನೆಯಲ್ಲಿ ಇವರಿಬ್ಬರೇ. "ನಮ್ಮನೇಲಿ ಈಗ ಜಗಳ ಇಲ್ಲ ಮೇಡಂ. ಮೊದಲು ದಿನಾ ಇರ್ತಿತ್ತು. ಈಗ ಅವಳು ಏನೂ ಕೇಳಲ್ಲ, ಏನೂ ಅನ್ನಲ್ಲ. ನನಗ್ಯಾಕೋ ಭಯ ಆಗ್ತಿದೆ" ಎಂದರು.

ಭಯ ಶುರುವಾದದ್ದು ಯಾವಾಗ ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಬಚ್ಚಲುಮನೆಯ ನಲ್ಲಿಯ ವಿಷಯ ಹೇಳಿದರು. ಆ ನಲ್ಲಿ ಬಹಳ ದಿನದಿಂದ ತೊಟ್ಟಿಕ್ಕುತ್ತಿತ್ತು. ರಿಪೇರಿ ಮಾಡಿಸಿ ಅಂತ ಹೆಂಡತಿ ಹೇಳುತ್ತಲೇ ಇದ್ದರು, ಭಾನುವಾರ ನೋಡೋಣ ಅಂತ ಇವರು ಅನ್ನುತ್ತಲೇ ಇದ್ದರು. ಒಂದು ರಾತ್ರಿ ಎದ್ದು ಹೋದರೆ ಸದ್ದೇ ಇಲ್ಲ. ತಿರುಗಿಸಿ ನೋಡಿದರು. ನಲ್ಲಿ ಸಲೀಸಾಗಿ ತಿರುಗಿತು, ನಿಲ್ಲಿಸಿದರೆ ಒಂದು ಹನಿಯೂ ಬೀಳಲಿಲ್ಲ. ಯಾರೋ ಹೊಸ ವಾಷರ್ ಹಾಕಿದ್ದರು. ಬೆಳಿಗ್ಗೆ ಕೇಳಿದರೆ, "ಅದಾ? ಮಾಡಿಸಿ ಎಷ್ಟೋ ದಿನ ಆಯ್ತಲ್ಲ" ಎಂದರಂತೆ ಹೆಂಡತಿ. ಮಾತಿನಲ್ಲಿ ಸಿಟ್ಟಿರಲಿಲ್ಲ, ಚುಚ್ಚುವುದೂ ಇರಲಿಲ್ಲ. ಆಮೇಲೆ ಇವರಿಗೆ ಒಂದೊಂದೇ ಕಾಣತೊಡಗಿತು. ವಿಮೆಯ ಕಂತು ಕಟ್ಟಿ ಆಗಿದೆ. ಮಗಳ ಫೀಸೂ ಹೋಗಿದೆ. "ಎಷ್ಟೊತ್ತಿಗೆ ಬರ್ತೀರಿ" ಅನ್ನುವ ಫೋನು ನಿಂತು ತಿಂಗಳುಗಳೇ ಕಳೆದಿವೆ.

ಇಷ್ಟು ಹೇಳಿ, "ಇದೆಲ್ಲ ನನ್ನ ಭ್ರಮೆ ಇರಬಹುದು ಅಲ್ವಾ?" ಅಂತ ಕೇಳಿದರು. ಭ್ರಮೆ ಅಲ್ಲ ಅಂತ ನೇರವಾಗಿ ಹೇಳಿದೆ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ವೈದ್ಯರು ಬದುಕಿನ ಒತ್ತಡ ಅಳೆಯಲು 43 ಘಟನೆಗಳ ಪಟ್ಟಿ ಮಾಡಿದರು. ಸಂಗಾತಿಯ ಸಾವಿಗೆ 100 ಅಂಕ, ಮಕ್ಕಳು ಮನೆ ಬಿಟ್ಟು ಹೋಗುವುದಕ್ಕೆ 29. ಗಂಡ ಹೆಂಡತಿಯ ಜಗಳದ ಪ್ರಮಾಣ ಬದಲಾಗುವುದಕ್ಕೂ 35 ಅಂಕವಿದೆ. ತುಂಬ ಜಾಸ್ತಿಯಾದರೂ ಅಷ್ಟೇ, ತುಂಬ ಕಡಿಮೆಯಾದರೂ ಅಷ್ಟೇ. ಜಗಳ ಹೆಚ್ಚಾಯಿತು ಅಂತ ಬರುವವರು ಬಹಳ ಜನ. ನಿಂತುಹೋಯಿತು ಅಂತ ಬರುವವರು ಅಪರೂಪ, ಬರುವಷ್ಟರಲ್ಲಿ ತಡವಾಗಿರುವುದೂ ಉಂಟು. ಹಾಗಾಗಿ ಇವರು ಬಂದದ್ದು ನನಗೆ ನಿಜಕ್ಕೂ ಸಮಾಧಾನ ಕೊಟ್ಟಿತು.

ಹೆಂಡತಿಯನ್ನು ಮೊದಲು ಒಬ್ಬರನ್ನೇ ಕರೆದು ಮಾತಾಡಿಸಿದೆ. ಮೌನಕ್ಕೆ ಕಾರಣ ಹೆದರಿಕೆಯಾಗಿದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸುವುದೇ ಅಪಾಯ. ಗಂಡನ ಎದುರು ಹೇಳಿದ ಮಾತಿಗೆ ಮನೆಯಲ್ಲಿ ಬೆಲೆ ತೆರಬೇಕಾಗಬಹುದು. ಹೊಡೆತ, ಬೆದರಿಕೆ, ಫೋನು ಹಣದ ಮೇಲೆ ಕಾವಲು, ಇವು ಇವೆಯಾ ಅಂತ ಒಂದೊಂದಾಗಿ ಕೇಳಿದೆ. ಯಾವುದೂ ಇರಲಿಲ್ಲ. ಖಿನ್ನತೆ ಇದೆಯಾ ಅಂತಲೂ ನೋಡಬೇಕಿತ್ತು. ಅದಕ್ಕೆ ಹಿಂದಿನ 2 ವಾರಗಳ ನಿದ್ದೆ, ಹಸಿವು, ಆಸಕ್ತಿ, ಸುಸ್ತು ಇತ್ಯಾದಿಗಳ ಬಗ್ಗೆ 9 ಪ್ರಶ್ನೆಗಳ ಒಂದು ಪಟ್ಟಿ ಬಳಸುತ್ತೇವೆ. ಅದರಲ್ಲೂ ಚಿಂತೆಗೆ ಕಾರಣ ಕಾಣಲಿಲ್ಲ. ಅವರು ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಹೊಸದಾಗಿ ಈಜು ಕಲಿಯಲು ಸೇರಿದ್ದರು. ಅದು ಗಂಡನಿಗೆ ಗೊತ್ತಿರಲಿಲ್ಲ.

"ಮುಚ್ಚಿಟ್ಟಿಲ್ಲ ಮೇಡಂ. ಹೇಳಬೇಕು ಅಂತ ಅನಿಸಲೇ ಇಲ್ಲ" ಎಂದರು.

ಯಾವತ್ತಿಂದ ಹಾಗೆ ಅಂತ ಕೇಳಿದಾಗ ಅವರು ಯೋಚಿಸಬೇಕಾಗಲಿಲ್ಲ. ಎದೆಯಲ್ಲಿ ಒಂದು ಗಂಟು ಕಂಡಿತ್ತು, ಬಯಾಪ್ಸಿ ಮಾಡಿದ್ದರು. ಪರೀಕ್ಷೆಯ ದಿನ ಗಂಡ ರಜೆ ಹಾಕಿ ಜೊತೆಗೇ ಹೋಗಿದ್ದರು, ಅದನ್ನು ಇವರೇ ಎರಡು ಸಲ ಹೇಳಿದರು. ರಿಪೋರ್ಟ್ ತರಲು ಮಾತ್ರ ಒಬ್ಬರೇ ಹೋದರು. ಏನೂ ಇಲ್ಲ ಅಂತ ಬಂದಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತರು. ಫೋನಿನಲ್ಲಿ ಹೇಳುವುದು ಬೇಡ, ಎದುರಿಗೇ ಹೇಳೋಣ ಅಂತ ಸಂಜೆವರೆಗೆ ಕಾದರು. ಗಂಡ ಬಂದು ಲ್ಯಾಪ್‌ಟಾಪ್ ತೆರೆದು ಕೂತಿದ್ದರು. "ರಿಪೋರ್ಟ್ ಬಂತು, ಏನೂ ಇಲ್ವಂತೆ" ಅಂದರು ಇವರು. "ಹ್ಮ್, ನಾನು ಮೊದಲೇ ಹೇಳಿರಲಿಲ್ವಾ" ಅಂದರು ಅವರು. ತಲೆ ಎತ್ತಲಿಲ್ಲ.

"ನಾನು ಜಗಳ ಆಡಲಿಲ್ಲ. ಫೈಲನ್ನ ಬೀರುವಿನೊಳಗೆ ಇಟ್ಟೆ. ಇಡುವಾಗ ಮನಸ್ಸಿಗೆ ಬಂತು, ಇನ್ನು ಇವರಿಗೆ ಏನೂ ಹೇಳಬೇಕಾಗಿಲ್ಲ ಅಂತ. ಎಷ್ಟು ಹಗುರ ಆಯ್ತು ಗೊತ್ತಾ?"

ಈ ಹಗುರವಾಗುವುದನ್ನು ಬೇರೆ ಮನೆಗಳ ಕಥೆಯಲ್ಲೂ ಕೇಳಿದ್ದೇನೆ. ಒಬ್ಬರು ಬೆನ್ನು ಬಿದ್ದು ಕೇಳುವುದು, ಇನ್ನೊಬ್ಬರು ಹಿಂದೆ ಸರಿಯುವುದು, ಸರಿದಷ್ಟೂ ಕೇಳುವ ದನಿ ಏರುವುದು. ಅನೇಕ ದಾಂಪತ್ಯಗಳು ವರ್ಷಗಟ್ಟಲೆ ಇದೇ ಸುತ್ತಿನಲ್ಲಿರುತ್ತವೆ. ಇದನ್ನು ಹೆಂಗಸರ ಪಿರಿಪಿರಿ ಅಂತ ಸುಮ್ನೆ ತಳ್ಳಿಹಾಕುವುದುಂಟು. ಕ್ರಿಸ್ಟೆನ್ಸನ್ ಮತ್ತು ಹೇವಿ ಎಂಬ ಮನೋವಿಜ್ಞಾನಿಗಳು 1990ರ ಅಧ್ಯಯನದಲ್ಲಿ ನೋಡಿದ್ದು ಬೇರೆ. ಗಂಡಸಿರಲಿ ಹೆಂಗಸಿರಲಿ, ಬದಲಾವಣೆ ಯಾರಿಗೆ ಬೇಕೋ ಅವರು ಒತ್ತಾಯಿಸುತ್ತಾರೆ, ಬೇಡದವರು ಸರಿಯುತ್ತಾರೆ. ಒಟ್ಟಾರೆ ಗಂಡಸರು ಸರಿಯುವುದು ಜಾಸ್ತಿ ಕಂಡಿತು. ಹೆಂಗಸರು ಒಟ್ಟಾರೆ ಹೆಚ್ಚು ಒತ್ತಾಯಿಸುತ್ತಾರೆ ಅನ್ನುವುದು ಕಾಣಲಿಲ್ಲ. ಕೇಳಿ ಕೇಳಿ ದಣಿದವರು ಒಂದು ದಿನ ಕೈಬಿಡುತ್ತಾರೆ. ಆಗ ಇಬ್ಬರಿಗೂ ಹಾಯೆನಿಸುತ್ತದೆ. ಮನೆ ಸರಿಹೋಯಿತು ಅಂತಲೇ ಗಂಡ ಮೊದಮೊದಲು ಅಂದುಕೊಂಡಿದ್ದರಂತೆ.

ಇಬ್ಬರನ್ನೂ ಕೂರಿಸಿ ಮಾತಾಡಿಸಿದಾಗ ಕಷ್ಟದ ಗಳಿಗೆ ಬಂತು. ಗಂಡನಿಗೆ ಆ ಸಂಜೆ ನೆನಪೇ ಇರಲಿಲ್ಲ. ಬಯಾಪ್ಸಿ ನೆನಪಿತ್ತು, ರಿಪೋರ್ಟ್ ಸರಿ ಬಂದದ್ದು ನೆನಪಿತ್ತು. ತಾವು ಅಂದ ಮಾತು ನೆನಪಿರಲಿಲ್ಲ. "ಅಷ್ಟಕ್ಕೇನಾ?" ಅಂದರು. ಅವರು ಅದನ್ನು ಹೀಯಾಳಿಸಿ ಕೇಳಲಿಲ್ಲ, ದಂಗಾಗಿ ಕೇಳಿದರು. ಹೆಂಡತಿ ಕಿಟಕಿ ಕಡೆ ತಿರುಗಿದರು. ಒಂದೇ ಮನೆಯಲ್ಲಿ, ಒಂದೇ ಸಂಜೆ, ಒಬ್ಬರ ಬದುಕು ದಾರಿ ಬದಲಿಸಿತು, ಇನ್ನೊಬ್ಬರಿಗೆ ಅದು ಮಾಮೂಲಿ ಸಂಜೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಗಂಡನಿಗೆ ಹೇಳಿದ್ದು ಇಷ್ಟು. ನೆನಪಿಲ್ಲದ್ದಕ್ಕೆ ನೆನಪಿದೆ ಅನ್ನಬೇಡಿ. ಹೆಂಡತಿ ಹೇಳುವಾಗ "ಬೇಕಂತ ಮಾಡಲಿಲ್ಲ", "ಆವಾಗಲೇ ಹೇಳಬಹುದಿತ್ತು", "ಅಷ್ಟಕ್ಕೇನಾ" ಈ ಮೂರು ಮಾತು ಬೇಡ. ಆ ದಿನ ಬೆಳಿಗ್ಗೆಯಿಂದ ಏನೇನಾಯಿತು ಅಂತ ಕೇಳಿ, ಕೊನೆವರೆಗೆ ಕೇಳಿಸಿಕೊಳ್ಳಿ. ಹಳೆಯದನ್ನೆಲ್ಲ ಸೇರಿಸಿ ಒಟ್ಟಿಗೆ ಕ್ಷಮೆ ಕೇಳುವುದು ಬೇಡ. ಉಡುಗೊರೆ, ಪ್ರವಾಸ ಕೂಡ ಸದ್ಯಕ್ಕೆ ಬೇಡ. ಗಂಡ ಗಾಬರಿಯಲ್ಲಿ ಮನೆಯ ಬಿಲ್ಲುಗಳನ್ನೆಲ್ಲ ತಾವೇ ಮೊದಲು ಕಟ್ಟಲು, ದಿನಕ್ಕೆ ಮೂರು ಸಲ ಫೋನು ಮಾಡಲು ಶುರುಮಾಡಿದ್ದರು. ಹೆಂಡತಿಗೆ ಅದು ಪ್ರೀತಿ ಅನಿಸಲಿಲ್ಲ, ಕಾವಲು ಅನಿಸಿತು. ಅದನ್ನು ನಿಲ್ಲಿಸಿ ಅಂದೆ.

ಅದರ ಬದಲು ಏನು ಮಾಡಲಿ ಅಂತ ಕೇಳಿದರು. ಹೆಂಡತಿ ಏನಾದರೂ ಹೇಳಿದಾಗ ಕೈಯಲ್ಲಿರುವುದನ್ನು ಬಿಟ್ಟು ಮುಖ ನೋಡಿ, ಅದಕ್ಕೆ ತಕ್ಕ ಒಂದು ಮಾತಾಡಿ ಅಂದೆ. ಮಳೆ ಬರೋ ಹಾಗಿದೆ ಅನ್ನುವ ಮಾತಾದರೂ ಸರಿ. ಜಾನ್ ಗಾಟ್‌ಮನ್ ಎಂಬ ಸಂಶೋಧಕರು ಹೊಸದಾಗಿ ಮದುವೆಯಾದ ಜೋಡಿಗಳನ್ನು 6 ವರ್ಷದ ಮೇಲೆ ಮತ್ತೆ ನೋಡಿದರು. ಜೊತೆಗೇ ಉಳಿದವರು ಸಂಗಾತಿಯ ಇಂಥ ಸಣ್ಣ ಕರೆಗಳಿಗೆ 100ಕ್ಕೆ 86 ಸಲ ಸ್ಪಂದಿಸಿದ್ದರು, ಬೇರೆಯಾದವರು 33 ಸಲ. ಗಂಡ ಈ ಅಂಕಿಗಳನ್ನು ಬರೆದುಕೊಂಡರು. ಮನೆಯಲ್ಲಿ ಲೆಕ್ಕ ಇಡಬೇಡಿ ಅಂತಲೂ ಬರೆದುಕೊಳ್ಳಲು ಹೇಳಿದೆ.

ಇನ್ನೊಂದು ತೊಂದರೆ ಇತ್ತು. ಮಾತು ಬಿಸಿಯಾದರೆ ಗಂಡ ಎದ್ದು ಹೋಗುತ್ತಿದ್ದರು. ಅದು ಬರೀ ಅಸಡ್ಡೆ ಅಂತ ನನಗನ್ನಿಸಲಿಲ್ಲ. ನಾಡಿ ನಿಮಿಷಕ್ಕೆ 100 ದಾಟಿದರೆ ಹೆಚ್ಚಿನವರಿಗೆ ಎದುರಿನವರ ಮಾತು ಸರಿಯಾಗಿ ಒಳಗೆ ಇಳಿಯುವುದಿಲ್ಲ. ಮೈ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು. ಎದ್ದು ಹೋಗಿ, ಆದರೆ ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ ಅಂದೆ.

ಹೆಂಡತಿಗೆ ಸಲಹೆ ಕೊಡುವುದು ನನಗೆ ಹೆಚ್ಚು ಯೋಚನೆಯ ಕೆಲಸವಾಯಿತು. "ನನಗೆ ಮೊದಲಿನ ಹಾಗೆ ಆಗೋಕೆ ಇಷ್ಟ ಇಲ್ಲ" ಅಂತ ಅವರು ಸ್ಪಷ್ಟವಾಗಿ ಹೇಳಿದ್ದರು. ಅದು ಸರಿ ಅಂತ ನಾನೂ ನಂಬುತ್ತೇನೆ. ಆ ಸಂಜೆ ಅವರು ಕಳೆದುಕೊಂಡದ್ದು ಇದೆ, ಗಳಿಸಿಕೊಂಡದ್ದೂ ಇದೆ. ಹಣಕಾಸು ನೋಡಿಕೊಳ್ಳುವುದು, ರಿಪೇರಿ ಮಾಡಿಸುವುದು, ನೀರಿಗಿಳಿಯುವುದು, ಇದನ್ನೆಲ್ಲ ಸಂಸಾರ ಸರಿಹೋಗಲಿ ಅಂತ ಯಾರೂ ವಾಪಸ್ ಕೊಡಬೇಕಾಗಿಲ್ಲ. ಇಂಥ ದಿನದೊಳಗೆ ಮನಸ್ಸು ಕರಗಬೇಕು ಅನ್ನುವ ಗಡುವೂ ಇಲ್ಲ. ಕೇಳಿದ್ದು ಎರಡೇ. "ಏನಿಲ್ಲ" ಅನ್ನುವ ಕಡೆ "ಈಗ ಹೇಳೋಕೆ ಮನಸ್ಸಿಲ್ಲ" ಅನ್ನಿ, ಅದು ನಿಜವಾದ ಉತ್ತರ. ಇನ್ನೊಂದು, ಮನಸ್ಸಾದಾಗ ಒಂದು ಸಣ್ಣ ಸಂಗತಿಯನ್ನು, ಮುಗಿದ ಮೇಲೆ ಅಲ್ಲ, ನಡೆಯುತ್ತಿರುವಾಗಲೇ ಹೇಳಿ ನೋಡಿ. ಅನುಮತಿ ಕೇಳುವುದಕ್ಕಲ್ಲ. ಅವರು ಮುಖ ಎತ್ತುತ್ತಾರಾ ಅಂತ ತಿಳಿಯುವುದಕ್ಕೆ. ಹೆಂಡತಿ ತಕ್ಷಣ ಒಪ್ಪಲಿಲ್ಲ. ಎರಡನೆಯದನ್ನು ಯೋಚಿಸುತ್ತೇನೆ ಅಂದರು.

ಸ್ವಲ್ಪ ದಿನವಾದ ಮೇಲೆ ಈಜಿನ ವಿಷಯವನ್ನು ಅವರೇ ಮನೆಯಲ್ಲಿ ಹೇಳಿದರು. ಗಂಡ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರಂತೆ. ಅಷ್ಟು ಬೇಡವಾಗಿತ್ತು ಅಂತ ಇವರಿಗನಿಸಿತು. ನನ್ನ ಹತ್ತಿರ ಅದನ್ನು ಹೇಳುವಾಗ ಸ್ವಲ್ಪ ನಕ್ಕರು. ನೆಟ್ಟಗಾಗುತ್ತದೆ ಅಂತ ನಾನು ಈಗಲೇ ಹೇಳಲಾರೆ. ಅವರ ಭರವಸೆ ಮುಗಿದಿಲ್ಲ ಅಂತ ಮಾತ್ರ ಹೇಳಬಲ್ಲೆ.

ಈಗ ನಾವು ಮಾತಾಡುತ್ತಿರುವುದು ಮಗಳ ಬಗ್ಗೆ. ಅಪ್ಪ ಅವಳಿಗೆ ಫೋನು ಮಾಡಿ "ಅಮ್ಮ ಏನಾದ್ರೂ ಅಂದ್ಲಾ" ಅಂತ ಕೇಳುತ್ತಿದ್ದರು. ಅಮ್ಮ ತನ್ನ ಸುದ್ದಿಯನ್ನೆಲ್ಲ ಅವಳಿಗೇ ಹೇಳುತ್ತಿದ್ದರು. ಪರೀಕ್ಷೆಯ ಸಮಯದಲ್ಲಿ ಆ ಹುಡುಗಿ ಇಬ್ಬರ ಮಾತನ್ನೂ ಹೊತ್ತು ಓಡಾಡುತ್ತಿದ್ದಳು. ಇನ್ನು ಮುಂದೆ ಒಬ್ಬರ ಬಗ್ಗೆ ಇನ್ನೊಬ್ಬರು ಅವಳನ್ನು ವಿಚಾರಿಸುವುದಿಲ್ಲ ಅಂತ ಇಬ್ಬರೂ ಒಪ್ಪಿದ್ದಾರೆ. ಇದನ್ನು ಅವಳಿಗೆ ಯಾರು ಹೇಳಬೇಕು ಅನ್ನುವುದರ ಮೇಲೆ ನನ್ನ ಎದುರೇ ಸಣ್ಣ ವಾದವಾಯಿತು. ಕೊನೆಗೆ ಇಬ್ಬರೂ ಒಟ್ಟಿಗೆ, ಫೋನನ್ನು ಸ್ಪೀಕರ್‌ಗೆ ಹಾಕಿ, ಭಾನುವಾರ ಹೇಳುವುದು ಅಂತ ತೀರ್ಮಾನಿಸಿದರು.