ಸಂಶೋಧನೆ ಯಾರ ಕೆಲಸಕ್ಕೆ ಬರುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳು ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಸೂಕ್ಷ್ಮಜೀವಿಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಮನೆಗೆ ಬಂದವರೆಲ್ಲ ‘ಇದರಿಂದ ಜನಕ್ಕೇನು ಉಪಯೋಗ?’ ಎನ್ನುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಮಗಳ ವಿಷಯಕ್ಕೆ ಸಿದ್ಧ ಉತ್ತರವೇ ಇದೆ. 1966ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿ ಬುಗ್ಗೆಯಿಂದ ಒಂದು ಬ್ಯಾಕ್ಟೀರಿಯಾ ತಂದರು. 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೂ ಅದು ಹಾಯಾಗಿ ಬೆಳೆಯುತ್ತಿತ್ತು. ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟರು. ಅಷ್ಟು ಬಿಸಿಯಲ್ಲಿ ಜೀವ ಹೇಗೆ ಉಳಿಯುತ್ತದೆ ಎಂಬ ಕುತೂಹಲವೇ ಅವರನ್ನು ಅಲ್ಲಿಗೆ ಕರೆದೊಯ್ದಿತ್ತು. ಮುಂದೆ 1983ರಲ್ಲಿ ಕ್ಯಾರಿ ಮುಲ್ಲಿಸ್ ಡಿಎನ್‌ಎ ತುಣುಕನ್ನು ಕೋಟಿಗಟ್ಟಲೆ ನಕಲು ಮಾಡುವ ಪಿಸಿಆರ್ ವಿಧಾನ ರೂಪಿಸಿದಾಗ ಒಂದು ತೊಡಕು ಎದುರಾಯಿತು. ಪ್ರತಿ ಸುತ್ತಿನಲ್ಲೂ ದ್ರಾವಣವನ್ನು ಚೆನ್ನಾಗಿ ಕಾಯಿಸಬೇಕು, ಕಾಯಿಸಿದೊಡನೆ ನಕಲು ಮಾಡುವ ಕಿಣ್ವ (ಎಂಜೈಮ್) ಕೆಡುತ್ತದೆ, ಮತ್ತೆ ಹೊಸದಾಗಿ ಹಾಕಬೇಕು. ಬುಗ್ಗೆಯ ಬ್ಯಾಕ್ಟೀರಿಯಾದಿಂದ ತೆಗೆದ ಕಿಣ್ವ ಆ ಬಿಸಿಯನ್ನು ತಡೆದುಕೊಂಡಿತು. ಕೋವಿಡ್ ಕಾಲದಲ್ಲಿ ಆರ್‌ಟಿ-ಪಿಸಿಆರ್ ವರದಿಗಾಗಿ ಕಾದಿದ್ದ ನಿಮ್ಮ ನೆಂಟರಿಗೆ ಇಷ್ಟು ಹೇಳಿದರೆ ಸಾಕು.

ಆದರೆ ಈ ಕಥೆಯನ್ನು ಎಲ್ಲ ಪ್ರಬಂಧಗಳಿಗೂ ಗುರಾಣಿ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಎಲ್ಲ ಬುಗ್ಗೆಯಲ್ಲೂ ಇಂಥ ಕಿಣ್ವ ಸಿಗುವುದಿಲ್ಲ. ಸಂಶೋಧನೆ ಜನರನ್ನು ಮುಟ್ಟುವ ದಾರಿ ಸಾಮಾನ್ಯವಾಗಿ ಹೇಗಿರುತ್ತದೆ ಎಂಬುದಕ್ಕೆ ಓಆರ್‌ಎಸ್ ಪೊಟ್ಟಣವೇ ಹೆಚ್ಚು ಪ್ರಾಮಾಣಿಕ ಉದಾಹರಣೆ. ಕರುಳು ಗ್ಲೂಕೋಸ್ ಹೀರುವಾಗ ಅದರ ಜತೆಗೇ ಉಪ್ಪಿನಲ್ಲಿರುವ ಸೋಡಿಯಂ ಕೂಡ ಒಳಹೋಗುತ್ತದೆ ಎಂಬ ವಿವರಣೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಮುಂದಿಟ್ಟರು. ಅದು ಶರೀರಕ್ರಿಯೆಯ ಪ್ರಶ್ನೆಯಾಗಿತ್ತೇ ಹೊರತು ಕಾಲರಾದ ಮದ್ದಿನ ಹುಡುಕಾಟವಾಗಿರಲಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಷ್ ಕಾಲರಾ ರೋಗಿಗಳಿಗೆ ಉಪ್ಪು-ಗ್ಲೂಕೋಸ್ ನೀರು ಕುಡಿಸಿ, ರಕ್ತನಾಳದ ಮೂಲಕ ಕೊಡುವ ದ್ರವ ಬಹಳಷ್ಟು ಕಡಿಮೆ ಸಾಕಾಗುತ್ತದೆ ಎಂದು ತೋರಿಸಿದರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲೈನ್ ಬಾಟಲಿಗಳು ಮುಗಿಯುತ್ತಿದ್ದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸಿನ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿದ್ದನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ಸುಮಾರು ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು.

ಕರುಳನ್ನು ಅರಿತವರು ಒಬ್ಬರು, ಹಾಸಿಗೆಯ ಪಕ್ಕ ನಿಂತು ಪರೀಕ್ಷಿಸಿದವರು ಇನ್ನಿಬ್ಬರು, ಇದನ್ನು ತಾಯಂದಿರೂ ಮಾಡಬಲ್ಲರು ಎಂದು ನಂಬಿದವರು ಮತ್ತೊಬ್ಬರು. ಇವರಲ್ಲಿ ಯಾರೊಬ್ಬರ ಕೆಲಸವೂ ತಾನೊಂದೇ ಜೀವ ಉಳಿಸುತ್ತಿರಲಿಲ್ಲ. ‘ಉಪಯೋಗವೇನು’ ಎಂದು ಮಗಳನ್ನು ಕೇಳುವ ಬದಲು ‘ನಿನ್ನ ಉತ್ತರ ಸಿಕ್ಕರೆ ಮುಂದಿನ ಪ್ರಶ್ನೆ ಯಾರು ಕೇಳಬಹುದು?’ ಎಂದು ಕೇಳಿ ನೋಡಿ. ಅದಕ್ಕೂ ಅವಳಲ್ಲಿ ಏನೂ ಉತ್ತರವಿಲ್ಲದಿದ್ದರೆ ಮಾರ್ಗದರ್ಶಕರ ಜತೆ ಕೂತು ಮಾತಾಡಬೇಕಾದ ವಿಷಯ ಅದು.

ಪ್ರಶ್ನೆ: ಸಂಶೋಧನಾ ಕೇಂದ್ರದ ತಾಕಿನಲ್ಲಿ ಬರುವ ಇಳುವರಿ ನಮ್ಮ ಹೊಲದಲ್ಲಿ ಎಂದೂ ಬಂದಿಲ್ಲ. ಅವರು ಲೆಕ್ಕ ತಿರುಚುತ್ತಾರೆಯೇ?

ಉತ್ತರ: ಲೆಕ್ಕ ಸಾಮಾನ್ಯವಾಗಿ ಸರಿಯೇ ಇರುತ್ತದೆ, ನಾವು ಅದರಲ್ಲಿ ಓದುವ ಸಾಲು ಬೇರೆ. ಕೇಂದ್ರದ ತಾಕು ಚಿಕ್ಕದು, ಮಟ್ಟಸ. ನೀರು, ಗೊಬ್ಬರ, ಕಳೆ ಎಲ್ಲವೂ ಹೊತ್ತಿಗೆ ಸರಿಯಾಗಿ. ಎರಡು ತಳಿಗಳ ನಡುವಿನ ವ್ಯತ್ಯಾಸ ಮಾತ್ರ ಉಳಿದು, ಬೇರೆ ಯಾವ ವ್ಯತ್ಯಾಸವೂ ನಡುವೆ ನುಸುಳಬಾರದು ಎಂದೇ ಅಷ್ಟೆಲ್ಲ ಜತನ. ಹಾಗಾಗಿ ‘ಎಕರೆಗೆ ಇಷ್ಟು ಕ್ವಿಂಟಲ್’ ಎಂಬ ಅಂಕಿಯನ್ನು ನಿಮ್ಮ ಹೊಲಕ್ಕೆ ಕೊಟ್ಟ ಮಾತೆಂದು ತಿಳಿಯಬೇಡಿ. ‘ಹಳೆಯದಕ್ಕಿಂತ ಇಷ್ಟು ಹೆಚ್ಚು’ ಎಂಬುದರ ಮೇಲೆ ಕಣ್ಣಿಡಿ. ಅದೂ ನಿಮ್ಮಲ್ಲಿ ಅಷ್ಟೇ ಬರುತ್ತದೆ ಎಂದೇನಲ್ಲ.

ಹೀಗೆ ಹೋಲಿಸುವ ಶಾಸ್ತ್ರ ಹುಟ್ಟಿದ್ದೂ ಹೊಲದಲ್ಲೇ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಆರಂಭವಾದ ಗೋಧಿಯ ಗೊಬ್ಬರ ಪ್ರಯೋಗ ಇಂದಿಗೂ ನಡೆಯುತ್ತಿದೆ. 1919ರಲ್ಲಿ ಅಲ್ಲಿಗೆ ಬಂದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್‌ಗೆ ಕಾಡಿದ ಪ್ರಶ್ನೆ ನಿಮಗೂ ಗೊತ್ತಿರುವುದೇ: ಒಂದು ತಾಕು ಚೆನ್ನಾಗಿ ಬಂದದ್ದು ಗೊಬ್ಬರದಿಂದಲೋ, ಅಲ್ಲಿನ ಮಣ್ಣು ಮೊದಲೇ ಫಲವತ್ತಾಗಿದ್ದುದರಿಂದಲೋ? ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡಬೇಕು, ಒಂದೇ ಗೊಬ್ಬರವನ್ನು ಹಲವು ತಾಕುಗಳಲ್ಲಿ ಹಾಕಿ ನೋಡಬೇಕು ಎಂದು ಅವರು ಪಟ್ಟು ಹಿಡಿದರು. ಇಂದು ಔಷಧಿಗಳನ್ನು ಪರೀಕ್ಷಿಸುವುದೂ ಹೀಗೆಯೇ.

ಕೇಂದ್ರದ ಗೇಟು ದಾಟಿ ಹೊಲದಲ್ಲಿ ಗೆದ್ದ ತಳಿಗೆ ಸ್ವರ್ಣ-ಸಬ್‌1 ಭತ್ತವನ್ನು ನೋಡಿ. ಪೈರು ಪೂರ್ತಿ ಮುಳುಗಿದರೆ ಸಾಮಾನ್ಯ ಭತ್ತ ನೀರಿನ ಮೇಲೆ ತಲೆಯೆತ್ತಲು ಉದ್ದುದ್ದ ಬೆಳೆಯುತ್ತದೆ, ಕೂಡಿಟ್ಟ ಶಕ್ತಿಯೆಲ್ಲ ಅದಕ್ಕೇ ಖರ್ಚಾಗಿ ಸಾಯುತ್ತದೆ. ಒಡಿಶಾ ಮೂಲದ ಎಫ್‌ಆರ್‌13ಎ ಎಂಬ ಹಳೆಯ ತಳಿ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತದೆ, ನೀರು ಇಳಿದ ಮೇಲೆ ಚಿಗುರುತ್ತದೆ. ಆದರೆ ಅದರ ಇಳುವರಿ ಕಡಿಮೆ, ರೈತರಿಗೆ ಬೇಡವಾಗಿತ್ತು. ಆ ಗುಣಕ್ಕೆ ಕಾರಣವಾದ ಜೀನ್ ಯಾವುದೆಂದು ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ಅದನ್ನು ಡಿಎನ್‌ಎ ಗುರುತುಗಳ ನೆರವಿನಿಂದ, ಸಂಕರಣದ ಮೂಲಕವೇ, ಜನರು ಆಗಲೇ ಬೆಳೆಯುತ್ತಿದ್ದ ಸ್ವರ್ಣ ತಳಿಗೆ ತಂದರು. 2009ರಲ್ಲಿ ಭಾರತದಲ್ಲಿ ಬೀಜ ಬಿಡುಗಡೆಯಾಯಿತು. ಸುಮಾರು ಎರಡು ವಾರ ಮುಳುಗಿದ್ದರೂ ಪೈರು ಉಳಿಯುತ್ತದೆ.

ನನಗೆ ಇದಕ್ಕಿಂತ ಸ್ವಾರಸ್ಯ ಅನ್ನಿಸುವುದು ಆಮೇಲೆ ನಡೆದದ್ದು. ಅರ್ಥಶಾಸ್ತ್ರಜ್ಞರು ಒಡಿಶಾದ ಹಳ್ಳಿಗಳನ್ನು ಫಿಶರ್ ತಾಕು ಆರಿಸಿದ ಹಾಗೆಯೇ ಆರಿಸಿ, ಕೆಲವೆಡೆ ಮಾತ್ರ ಬೀಜ ಹಂಚಿದರು. ಬೀಜ ಸಿಕ್ಕ ರೈತರು ಗೊಬ್ಬರಕ್ಕೆ ಸಿಗದವರಿಗಿಂತ ಹೆಚ್ಚು ಹಣ ಹಾಕಿದರು, ನಾಟಿಯ ಕಡೆಗೆ ಹೆಚ್ಚು ಗಮನ ಕೊಟ್ಟರು. ನೆರೆ ಬಂದರೆ ಎಲ್ಲವೂ ಕೊಚ್ಚಿಹೋಗುತ್ತದೆ ಎಂಬ ಹೆದರಿಕೆ ತಗ್ಗಿತ್ತು. ಈ ಲಾಭ ಯಾವ ಕೇಂದ್ರದ ತಾಕಿನಲ್ಲೂ ಕಾಣುವಂಥದ್ದಲ್ಲ. ಏಕೆಂದರೆ ಅಲ್ಲಿ ಹೆದರುವ ರೈತನೇ ಇರುವುದಿಲ್ಲ. ಅಂದಹಾಗೆ, ನೀರು ತಿಂಗಳುಗಟ್ಟಲೆ ನಿಲ್ಲುವ ಗದ್ದೆಗೆ ಈ ತಳಿ ಪರಿಹಾರವಲ್ಲ.

ನೀವು ಮುಂದಿನ ಸಲ ಹೊಸ ತಳಿಯನ್ನೋ ಗೊಬ್ಬರವನ್ನೋ ಹಾಕುವಾಗ ಅದೇ ಹೊಲದಲ್ಲಿ ಹಳೆಯ ಪದ್ಧತಿಗೂ ಒಂದಷ್ಟು ಜಾಗ ಬಿಡಿ. ಬದುವಿನ ಅಂಚಿನಲ್ಲಿ ಬೇಡ. ನಡುವೆ, ಮೂರ್ನಾಲ್ಕು ಕಡೆ. ಕೊಯ್ಲನ್ನು ಬೇರೆ ಬೇರೆಯಾಗಿ ತೂಗಿ. ಒಂದೇ ಹಂಗಾಮು ನೋಡಿ ತೀರ್ಮಾನಕ್ಕೆ ಬರಬೇಡಿ.

ಪ್ರಶ್ನೆ: ನಾನು ಪ್ರಾಥಮಿಕ ಶಾಲಾ ಶಿಕ್ಷಕಿ. ಪ್ರತಿ ತರಬೇತಿಯಲ್ಲೂ ‘ಸಂಶೋಧನೆಯಿಂದ ಸಾಬೀತಾಗಿದೆ’ ಎಂದು ಹೊಸದೊಂದು ವಿಧಾನ ಕೊಡುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ‘ಯಾವುದಕ್ಕೆ ಹೋಲಿಸಿ ಸಾಬೀತಾಗಿದೆ?’ ಎಂದು ಮೊದಲು ಕೇಳಿ. ಕೀನ್ಯಾದಲ್ಲಿ ಗೋಡೆಗೆ ತೂಗುಹಾಕುವ ಪಾಠದ ಚಾರ್ಟುಗಳಿದ್ದ ಶಾಲೆಗಳ ಮಕ್ಕಳು ಪರೀಕ್ಷೆಯಲ್ಲಿ ಮುಂದಿದ್ದರು. ಚಾರ್ಟಿನಿಂದಲೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಸಂಶೋಧಕರು ಚಾರ್ಟು ಕೊಡಲು ಶಾಲೆಗಳನ್ನು ತಾವೇ ಚೀಟಿ ಎತ್ತಿದಂತೆ ಆರಿಸಿದಾಗ ಅಂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಚಾರ್ಟು ತರಿಸಿಕೊಳ್ಳುವ ಶಾಲೆ ಬೇರೆ ವಿಷಯಗಳಲ್ಲೂ ಮುಂದಿರುತ್ತದೆ, ಅಷ್ಟೆ. ಅಲ್ಲಿ ಪಠ್ಯಪುಸ್ತಕ ಹಂಚಿದ ಪ್ರಯೋಗದಲ್ಲೂ ಲಾಭವಾದದ್ದು ಮೊದಲೇ ಚುರುಕಾಗಿದ್ದ ಮಕ್ಕಳಿಗೆ. ಪುಸ್ತಕ ಇಂಗ್ಲಿಷಿನಲ್ಲಿತ್ತು, ಹಲವು ಮಕ್ಕಳಿಗೆ ಅದು ಮೂರನೆಯ ಭಾಷೆ.

ವಿಧಾನ ನಿಜಕ್ಕೂ ಒಳ್ಳೆಯದಾಗಿದ್ದರೂ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಮಕ್ಕಳನ್ನು ತರಗತಿಯ ಲೆಕ್ಕದಲ್ಲಿ ಕೂರಿಸದೆ, ಅಕ್ಷರ ಬಲ್ಲವರು, ಪದ ಓದಬಲ್ಲವರು, ವಾಕ್ಯ ಓದಬಲ್ಲವರು ಎಂದು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸುವ ‘ಪ್ರಥಮ್’ ಎಂಬ ಸ್ವಯಂಸೇವಾ ಸಂಸ್ಥೆಯ ಕ್ರಮ ಹಲವು ಪರೀಕ್ಷೆಗಳಲ್ಲಿ ಗೆದ್ದಿದೆ. ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ತಂದ ಕೆಲಸಗಳಲ್ಲಿ ಈ ಅಧ್ಯಯನಗಳೂ ಸೇರಿವೆ. ಆದರೂ ಬಿಹಾರದಲ್ಲಿ ಶಾಲೆಗಳಿಗೆ ಬರೀ ಸಾಮಗ್ರಿ ಕೊಟ್ಟು ಬಿಟ್ಟಾಗ ಏನೂ ಬದಲಾಗಲಿಲ್ಲ. ಹರಿಯಾಣದಲ್ಲಿ ಇದಕ್ಕೆಂದೇ ದಿನಕ್ಕೊಂದು ಗಂಟೆ ಮೀಸಲಿಟ್ಟು, ಮೇಲ್ವಿಚಾರಕರೂ ಒತ್ತಾಸೆಯಾಗಿ ನಿಂತಾಗ ಮಕ್ಕಳ ಹಿಂದಿ ಓದು ಸುಧಾರಿಸಿತು. ಗೆದ್ದದ್ದು ವಿಧಾನವೂ ಹೌದು, ಆ ಗಂಟೆಯೂ ಹೌದು. ಆದ್ದರಿಂದ ತರಬೇತಿಯಲ್ಲಿ ಕೈಯೆತ್ತಿ ‘ಇದಕ್ಕೆ ವೇಳಾಪಟ್ಟಿಯಲ್ಲಿ ಯಾವ ಅವಧಿ ಬಿಟ್ಟುಕೊಡುತ್ತೀರಿ?’ ಎಂದು ಕೇಳುವುದು ನಿಮ್ಮ ಹಕ್ಕು. ಹಾಗೆ ಕೇಳಿದ್ದಕ್ಕೆ ಉದ್ಧಟತನ ಅಂದರೆ ಅನ್ನಲಿ.

ಇನ್ನು, ನೋಡಿ ಕಲಿಯುವ ಮಗು, ಕೇಳಿ ಕಲಿಯುವ ಮಗು ಎಂದು ವಿಂಗಡಿಸಿ ಪಾಠ ಮಾಡಿ ಎಂದರೆ ಧೈರ್ಯವಾಗಿ ಬದಿಗಿಡಿ. 2008ರಲ್ಲಿ ನಾಲ್ವರು ಮನೋವಿಜ್ಞಾನಿಗಳು ಈ ಕುರಿತ ಅಧ್ಯಯನಗಳನ್ನೆಲ್ಲ ಜಾಲಾಡಿ, ಹೀಗೆ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿದ್ದಾರೆ.

ಪ್ರಶ್ನೆ: ನಮ್ಮ ಭಾಗದ ಸಮಸ್ಯೆಯೊಂದನ್ನು ವಿಶ್ವವಿದ್ಯಾಲಯ ಅಧ್ಯಯನ ಮಾಡಬೇಕೆಂದು ನಮ್ಮ ಆಸೆ. ಹೇಗೆ ಕೇಳುವುದು?

ಉತ್ತರ: ಮನವಿ ಪತ್ರಕ್ಕಿಂತ ದಾಖಲೆ ಒಯ್ಯಿರಿ. ಯಾವಾಗ ಶುರುವಾಯಿತು, ಎಲ್ಲೆಲ್ಲಿ, ಎಷ್ಟು ಮಂದಿಗೆ ಅಥವಾ ಎಷ್ಟು ಗಿಡಕ್ಕೆ ಎಂಬುದು ದಿನಾಂಕ ಸಮೇತ ಇರಲಿ. ಮರೆಯದೆ, ಸಮಸ್ಯೆ ಇಲ್ಲದ ಜಾಗಗಳ ವಿವರವನ್ನೂ ಸೇರಿಸಿ. ಸುಳಿವು ಹಲವು ಸಲ ಅಲ್ಲೇ ಸಿಗುತ್ತದೆ. ವಿಭಾಗದ ಮುಖ್ಯಸ್ಥರನ್ನಷ್ಟೇ ಕಾಣದೆ ಆ ವಿಷಯದಲ್ಲಿ ಕೆಲಸ ಮಾಡುತ್ತಿರುವ ಮಾರ್ಗದರ್ಶಕರನ್ನು ಹುಡುಕಿ. ಅವರ ವಿದ್ಯಾರ್ಥಿಗಳಿಗೆ ವಿಷಯ ಬೇಕಿರುತ್ತದೆ, ನಿಮಗೆ ಉತ್ತರ ಬೇಕಿದೆ. ಪಿಎಚ್‌.ಡಿ. ಮುಗಿಯಲು ವರ್ಷಗಳೇ ಹಿಡಿಯುತ್ತವೆ, ಆದ್ದರಿಂದ ಈ ಹಂಗಾಮಿಗೇ ಪರಿಹಾರ ಬೇಕೆಂದರೆ ಅದಕ್ಕೆ ವಿಸ್ತರಣಾ ಅಧಿಕಾರಿಗಳ ಬಳಿ ಹೋಗುವುದೇ ಸರಿ. ಒಪ್ಪಿಕೊಂಡರೆ, ಫಲಿತಾಂಶವನ್ನು ನಿಮ್ಮ ಮುಂದೆ ಕನ್ನಡದಲ್ಲಿ ಯಾವಾಗ ಹೇಳುತ್ತಾರೆ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬರೆಸಿಕೊಳ್ಳಿ.