ಒಂದು ಚಿತ್ರಕ್ಕೆ 10 ರೂಪಾಯಿ

ದಾವಣಗೆರೆಯಿಂದ ಬಂದ ನಾಲ್ಕು ಪುಟದ ಕಾಗದ ಓದಿ ಮುಗಿಸುವಷ್ಟರಲ್ಲಿ ನನ್ನ ಚಹಾ ಆರಿತ್ತು, ಸಿಟ್ಟು ಇನ್ನೂ ಆರಿಲ್ಲ. ಆ ತಾಯಿ ಯಾರ ಮೇಲೆ ದೂರು ಬರೆದಿದ್ದಾರೋ ಅವರ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಅವರು ಹೊಗಳಿ ಬರೆದಿರುವ ಇನ್ನೊಬ್ಬರ ಮೇಲಿದೆ.

ತಾಯಿ, ನೀವು ಬರೆದದ್ದು ಇಷ್ಟು. ನಿಮ್ಮ ಮಗಳಿಗೆ ಐದು ವರ್ಷ, ಯುಕೆಜಿ. ಕೈಗೆ ಪೆನ್ಸಿಲ್ ಸಿಕ್ಕ ದಿನದಿಂದ ಕ್ಯಾಲೆಂಡರ್ ಹಿಂಬದಿ, ಮದುವೆ ಕಾಗದ, ಹಾಲಿನ ಲೆಕ್ಕದ ಪುಸ್ತಕ, ಎಲ್ಲದರ ಮೇಲೂ ಚಿತ್ರ. ನೀವು ಒಂದನ್ನೂ ಬಿಸಾಡದೆ ಎರಡು ಸೀರೆ ಡಬ್ಬ, ಒಂದು ರಟ್ಟಿನ ಪೆಟ್ಟಿಗೆ ತುಂಬಿಟ್ಟಿದ್ದೀರಿ. ತವರಿನ ಮದುವೆಗೆ ಹೋಗಿದ್ದಾಗ ಅತ್ತೆ ಆ ಪೆಟ್ಟಿಗೆಯನ್ನು ಹಳೇ ಪೇಪರ್ ಜೊತೆ ರದ್ದಿಯವನಿಗೆ ಹಾಕಿಬಿಟ್ಟರು. ಮಗು ಒಂದು ದಿನ ಅತ್ತು ಸುಮ್ಮನಾಯಿತು, ನೀವು ಸುಮ್ಮನಾಗಿಲ್ಲ. ಮೂರು ವಾರದಿಂದ ಅತ್ತೆಯ ಜೊತೆ ಬೇಕಾದಷ್ಟೇ ಮಾತು. ಗಂಡ ‘ಕಾಗದ ತಾನೆ, ಬಿಡು’ ಅಂದರು. ‘ಮಗುವಿನ ಪ್ರತಿಭೆಗೆ ಬೆಲೆ ಕೊಡದವರ ಜೊತೆ ಹೇಗೆ ಬಾಳಲಿ?’ ಎಂದು ಕೇಳಿದ್ದೀರಿ.

ಕೇಳದೆ ಕೊಟ್ಟದ್ದು ತಪ್ಪು. ಇದನ್ನು ಅತ್ತೆಗೆ ಒಂದು ಸಲ ನೇರವಾಗಿ ಹೇಳಿ, ಅಲ್ಲಿಗೆ ಬಿಡಿ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹಲ್ಲಿ ಹಿಕ್ಕೆ ಬಿದ್ದ ಒಂದು ಪೆಟ್ಟಿಗೆ ಯಾರಿಗೆ ನಿಧಿ, ಯಾರಿಗೆ ಕಸ ಎನ್ನುವುದು ಹೇಳದೆ ತಿಳಿಯುವಂಥದ್ದಲ್ಲ. ಗಂಡನ ಮಾತು ಅದಕ್ಕಿಂತ ಕೆಟ್ಟದ್ದು, ಆದರೆ ಗಂಡಂದಿರ ‘ಬಿಡು’ಗಳ ಬಗ್ಗೆ ಈ ಅಂಕಣದಲ್ಲಿ ಬೇಕಾದಷ್ಟು ಬರೆದಾಗಿದೆ.

ಇಷ್ಟಕ್ಕೂ ನೀವು ಕಾಗದದ ಜೊತೆ ಇಟ್ಟು ಕಳಿಸಿದ ಬಸ್ಸಿನ ಚಿತ್ರವನ್ನು ನೀವೇ ಸರಿಯಾಗಿ ನೋಡಿದ ಹಾಗಿಲ್ಲ. ಕೆಂಪು ಬಸ್ಸು. ಒಳಗೆ ಕೂತವರ ಕಾಲು, ಚಪ್ಪಲಿ, ಸೀಟಿನ ಕೆಳಗಿನ ಚೀಲ ಎಲ್ಲ ಕಾಣುತ್ತವೆ, ಬಸ್ಸಿಗೆ ತಗಡೇ ಇಲ್ಲದ ಹಾಗೆ. ಈ ವಯಸ್ಸಿನ ಮಕ್ಕಳು ಕಣ್ಣಿಗೆ ಕಂಡದ್ದಕ್ಕಿಂತ ತಮಗೆ ಗೊತ್ತಿರುವುದನ್ನು ಬರೆಯುತ್ತಾರೆ. ಒಳಗೆ ಜನ ಇದ್ದಾರೆ ಅಂತ ಗೊತ್ತು, ಬರೆದಳು. ಡ್ರೈವರ್ ಹೆಬ್ಬೆರಳಷ್ಟು. ಅವನ ಹಿಂದಿನ ಸೀಟಿನಲ್ಲಿ ಬಸ್ಸಿನ ಚಾವಣಿಗೆ ತಲೆ ತಾಗುವ ಒಬ್ಬಾಕೆ, ಮೂಗಿನ ಎರಡೂ ಕಡೆ ಮೂಗುಬಟ್ಟು, ಒಂದು ಕೈಗೆ ಏಳು ಬೆರಳು. ‘ಇದು ಅಜ್ಜಿಯಂತೆ’ ಎಂದು ನೀವೇ ಮೂಲೆಯಲ್ಲಿ ಬರೆದಿದ್ದೀರಿ. ಮಕ್ಕಳು ತಮಗೆ ಮುಖ್ಯವಾದವರನ್ನು ಅನೇಕ ಸಲ ದೊಡ್ಡದಾಗಿ ಬರೆಯುತ್ತಾರೆ. ಒಂದು ಚಿತ್ರ ಹಿಡಿದು ಮಗುವಿನ ಮನಸ್ಸನ್ನೇ ಓದಿಬಿಟ್ಟೆ ಅನ್ನುವ ಜನ ನನಗೆ ಆಗುವುದಿಲ್ಲ, ಆದ್ದರಿಂದ ಹೆಚ್ಚು ಎಳೆಯುವುದಿಲ್ಲ. ನೀವು ಮಾತು ಬಿಟ್ಟಿರುವ ಹೆಂಗಸು ಈ ಬಸ್ಸಿನಲ್ಲಿ ಎಷ್ಟು ಜಾಗ ಹಿಡಿದಿದ್ದಾರೆ ಅನ್ನುವುದನ್ನು ಮಾತ್ರ ನೋಡಿಕೊಳ್ಳಿ.

ಈಗ ನನ್ನ ಸಿಟ್ಟಿನ ವಿಷಯ. ಕಾಗದ ಮುಗಿಸಿ, ಸಹಿ ಹಾಕಿ, ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದೀರಿ: ‘ಅಂದ ಹಾಗೆ, ಬೆಂಗಳೂರಿನಲ್ಲಿರುವ ನನ್ನ ತಮ್ಮ ಮಾತ್ರ ತುಂಬ ಪ್ರೋತ್ಸಾಹ ಕೊಡ್ತಾನೆ. ಅವಳು ಕಳಿಸೋ ಒಂದೊಂದು ಚಿತ್ರಕ್ಕೂ 10 ರೂಪಾಯಿ. ಈಗ ಸರಸರ ಅಂತ ಐದೈದು ಬರೀತಾಳೆ. ಅವನು ಫೋನ್ ಮಾಡದ ವಾರ ಮಾತ್ರ ಸ್ವಲ್ಪ ಸೋಮಾರಿ.’

ನಾಲ್ಕು ಪುಟ ಅತ್ತೆಗೆ, ಮೂರು ಸಾಲು ಇದಕ್ಕೆ!

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆದ ಒಂದು ಪ್ರಯೋಗವನ್ನು ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು 1973ರಲ್ಲಿ ಪ್ರಕಟಿಸಿದರು. ನಿಮ್ಮ ಮಗಳ ಆಸುಪಾಸಿನ ವಯಸ್ಸಿನ ಮಕ್ಕಳು, ತಾವಾಗಿಯೇ ಖುಷಿಯಿಂದ ಚಿತ್ರ ಬರೆಯುತ್ತಿದ್ದವರು. ಕೆಲವರಿಗೆ ‘ಬರೆದರೆ ಬಹುಮಾನ’ ಎಂದು ಮೊದಲೇ ಹೇಳಿದರು. ಬಹುಮಾನ ಅಂದರೆ ಹೊಳೆಯುವ ಮುದ್ರೆ, ರಿಬ್ಬನ್ ಇರುವ ಒಂದು ಸರ್ಟಿಫಿಕೇಟು. ಕೆಲವರಿಗೆ ಬರೆದ ಮೇಲೆ ಹೇಳದೆ ಕೊಟ್ಟರು, ಇನ್ನು ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಬಹುಮಾನದ ಮಾತೇ ಎತ್ತದೆ, ಬಣ್ಣದ ಪೆನ್ನು ಹಾಳೆ ಇಟ್ಟು ಸುಮ್ಮನೆ ನೋಡಿದರು. ಬಹುಮಾನದ ಆಸೆಗೆ ಬರೆದಿದ್ದ ಮಕ್ಕಳು ಉಳಿದವರ ಹೋಲಿಕೆಯಲ್ಲಿ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರಕ್ಕೆ ಕೂತರು. ಬಹುಮಾನಕ್ಕಾಗಿ ಬರೆದ ದಿನವೂ ಅವರ ಚಿತ್ರಗಳಲ್ಲಿ ಹುರುಳು ಕಡಿಮೆ ಇತ್ತು. ಹೇಳದೆ ಕೊಟ್ಟ ಮಕ್ಕಳಿಗೆ ಏನೂ ಆಗಿರಲಿಲ್ಲ. ಉಡುಗೊರೆಯಿಂದ ಹಾಳಾಗಲಿಲ್ಲ ನೋಡಿ, ಕರಾರಿನಿಂದ ಹಾಳಾಯಿತು.

ನಿಮ್ಮ ಮನೆಯಲ್ಲಿ ಆಗಿರುವುದೂ ಅದೇ. ಬಸ್ಸಿನ ಚಿತ್ರ ಹೋದ ದೀಪಾವಳಿಯದು, ‘ಅರ್ಧ ಗಂಟೆ ಕೂತು ಬರೆದಳು’ ಎಂದಿದ್ದೀರಿ. ಹೋದ ವಾರದ್ದು ಎಂದು ಕಳಿಸಿರುವ ಇನ್ನೊಂದರಲ್ಲಿ ಎರಡು ತ್ರಿಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ಒಂದು ಗುಡಿಸಲು, ತೆಂಗಿನ ಮರ, ಆಕಾಶದಲ್ಲಿ ಎರಡೆರಡು ಗೀಟಿನ ಹಕ್ಕಿಗಳು. ನಮ್ಮ ದೇಶದ ಅರ್ಧ ಮಕ್ಕಳು ಇದೇ ಗುಡ್ಡ ಬರೆಯುತ್ತಾರೆ. ದಾವಣಗೆರೆಯಲ್ಲಿ ನಿಂತು ನೋಡಿದರೆ ಅಂಥ ಗುಡ್ಡ ಯಾವ ದಿಕ್ಕಿಗೆ ಕಾಣುತ್ತದೋ ನನಗಂತೂ ಗೊತ್ತಿಲ್ಲ. ಬೇಗ ಮುಗಿಯುತ್ತದೆ, ಯಾರೂ ತಪ್ಪು ಹುಡುಕುವುದಿಲ್ಲ, 10 ರೂಪಾಯಿ ಗ್ಯಾರಂಟಿ. ಹುಡುಗಿ ಸೋಮಾರಿಯಲ್ಲ, ಜಾಣೆ. ಗಿರಾಕಿಗೆ ತಕ್ಕ ಮಾಲು ಕೊಡುತ್ತಿದ್ದಾಳೆ.

ಮಕ್ಕಳ ಖುಷಿಗೆ ರೇಟು ಹಚ್ಚಬೇಡಿ ಅಂತ ನಾನು ಇಲ್ಲಿ ಬರೆದೂ ಬರೆದೂ ಓದುಗರಿಗೆ ಬೇಸರ ಬಂದಿರಬಹುದು. ಊಟ ಮಾಡಿದರೆ ಚಾಕೊಲೇಟು, ಶ್ಲೋಕ ಹೇಳಿದರೆ ಐಸ್‌ಕ್ರೀಮು, ಈಗ ಚಿತ್ರಕ್ಕೆ 10 ರೂಪಾಯಿ. ಸೋದರಮಾವನಿಗೆ ಮಗುವಿನ ಮೇಲೆ ಪ್ರೀತಿ ಇಲ್ಲವೆಂದಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ‘ಸೂಪರ್ ಪುಟ್ಟಿ’ ಅಂದು ದುಡ್ಡು ಹಾಕುವುದಕ್ಕೆ ಹತ್ತು ಸೆಕೆಂಡು ಸಾಕು, ಬಸ್ಸಿನಲ್ಲಿ ಯಾರ್ಯಾರು ಕೂತಿದ್ದಾರೆ ಎಂದು ಕೇಳಿ ತಿಳಿದುಕೊಳ್ಳುವುದಕ್ಕೆ ಕಾಲು ಗಂಟೆ ಬೇಕು. ಅವನು ಅಗ್ಗದ್ದನ್ನು ಆರಿಸಿಕೊಂಡ.

ಎಲ್ಲವನ್ನೂ ಕೂಡಿಡಬೇಕೇ ಎಂದೂ ಕೇಳಿದ್ದೀರಿ, ಕೊಚ್ಚಿಯ ಕ್ಲಿಂಟ್‌ನನ್ನು ನೆನೆದಿದ್ದೀರಿ. ಏಳು ವರ್ಷ ತುಂಬುವ ಮೊದಲೇ, 1983ರಲ್ಲಿ ತೀರಿಕೊಂಡ ಆ ಹುಡುಗ ಇಪ್ಪತ್ತೈದು ಸಾವಿರದಷ್ಟು ಚಿತ್ರ ಬಿಟ್ಟುಹೋದ. ಮಗನನ್ನು ಕಳೆದುಕೊಂಡ ತಂದೆತಾಯಿ ಕೂಡಿಟ್ಟದ್ದನ್ನು ಎದುರಿಗೆ ಆಡುತ್ತಿರುವ ಮಗುವಿನ ಮನೆಗೆ ಅಳತೆ ಮಾಡಿಕೊಳ್ಳಬೇಡಿ. ಎಷ್ಟು ಇಡುತ್ತೀರೋ ಅಷ್ಟರ ಹಿಂದೆ ತಾರೀಖು ಹಾಕಿ, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದಿಡಿ. ಉಳಿದದ್ದು ಹೋಗಲಿ, ಯಾವುದು ಹೋಗಬೇಕು ಅನ್ನುವುದನ್ನು ಅವಳೇ ಅಜ್ಜಿ ಜೊತೆ ಕೂತು ಆರಿಸಲಿ.

ಅದೆಲ್ಲ ನಿಧಾನಕ್ಕೆ ಮಾಡಿ. ಇವತ್ತು ರಾತ್ರಿ ಮಾಡಬೇಕಾದದ್ದು ಒಂದೇ: ತಮ್ಮನಿಗೆ ಫೋನ್ ಮಾಡಿ 10 ರೂಪಾಯಿ ನಿಲ್ಲಿಸಿ. ಮಗುವಿನ ಎದುರು ಬೇಡ, ಗಲಾಟೆಯೂ ಬೇಡ. ಬಾಕಿ ಇದ್ದರೆ ಪೂರ್ತಿ ಕೊಟ್ಟು ಲೆಕ್ಕ ಮುಗಿಸಲಿ, ಮಕ್ಕಳಿಗೆ ಕೊಟ್ಟ ಮಾತು ತಪ್ಪಬಾರದು. ಕೈ ತುರಿಸಿದರೆ ಒಂದು ರೀಮ್ ಹಾಳೆ, ಒಂದು ಡಬ್ಬಿ ಕ್ರೆಯಾನ್ ತಂದುಕೊಡಲಿ, ಯಾವ ಚಿತ್ರಕ್ಕೂ ಬದಲಾಗಿ ಅಲ್ಲದೆ. ಆಮೇಲೆ ಕೆಲವು ವಾರ ಅವಳು ಪೆನ್ಸಿಲ್ ಮುಟ್ಟದೇ ಇರಬಹುದು. ‘ಯಾಕೆ ಬರೀತಿಲ್ಲ’ ಅಂತ ಕೇಳಬೇಡಿ, ಡ್ರಾಯಿಂಗ್ ಕ್ಲಾಸಿಗೆ ಓಡಿಸಬೇಡಿ, ಸ್ಪರ್ಧೆಯ ಫಾರಂ ತರಬೇಡಿ. ತಮ್ಮ ಬೇಜಾರು ಮಾಡಿಕೊಂಡರೆ ಈ ಅಂಕಣ ಕತ್ತರಿಸಿ ಕಳಿಸಿ, ಬೈಗುಳ ನನಗಿರಲಿ.